ಅರಬ್ಬೀ ಸಮುದ್ರದಡಿಯ ಪರ್ವತಶ್ರೇಣಿ

ಸಾಗರತಳವು ಭೂಮಿಯ ಅತಿ ಪುರಾತನ ಭಾಗವೆಂದೂ ಅದು ನಿಶ್ಚಲವೆಂದೂ ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಕದಲಿಸಿದ ಸಾಕ್ಷ್ಯವೊಂದು ದೊರೆತದ್ದು ಅರಬ್ಬೀ ಸಮುದ್ರದ ನೈಋತ್ಯದಲ್ಲಿ ಮುಳುಗಿರುವ ಕಾರ್ಲ್ಸ್‌ಬರ್ಗ್ ಪರ್ವತಶ್ರೇಣಿಯಲ್ಲಿ. ಭಾರತವನ್ನು ಹೊತ್ತ ಭೂಫಲಕವೂ ಆಫ್ರಿಕದ ಕಡೆಯ ಫಲಕವೂ ಪರಸ್ಪರ ದೂರ ಸರಿಯುವ ಗಡಿ ಇದು.

1962ರಲ್ಲಿ ಬ್ರಿಟನ್ನಿನ ‘ಓವೆನ್’ ಹಡಗು ಈ ಶ್ರೇಣಿಯ ಮೇಲೆ ಸಂಚರಿಸಿ ಕಾಂತಬಲವನ್ನು ಅಳೆಯಿತು. ಡ್ರಮಂಡ್ ಮ್ಯಾಥ್ಯೂಸ್ ತಂದ ಆ ಅಳತೆಗಳನ್ನು ಕೇಂಬ್ರಿಜ್‌ನಲ್ಲಿ ಅವರ ಶಿಷ್ಯ ಫ್ರೆಡ್ ವೈನ್ ಪರಿಶೀಲಿಸಿದಾಗ, ತಳದ ಕೆಲವು ಶಿಲೆಗಳು ಇಂದಿನ ದಿಕ್ಕಿಗೆ ವಿರುದ್ಧವಾಗಿ ಕಾಂತತ್ವ ಪಡೆದಿದ್ದುದು ಕಂಡುಬಂದಿತು! ಭೂಗರ್ಭದಿಂದ ಉಕ್ಕಿದ ಶಿಲಾರಸ ತಣಿಯುವಾಗ ಆ ಕಾಲದ ಕಾಂತದಿಕ್ಕನ್ನು ತನ್ನಲ್ಲಿ ಹಿಡಿದಿಡುತ್ತದೆ. ಭೂಮಿಯ ಕಾಂತಧ್ರುವಗಳಾದರೋ ಅನೇಕ ಬಾರಿ ಅದಲುಬದಲಾಗಿವೆ. ಅಮೆರಿಕದ ಹ್ಯಾರಿ ಹೆಸ್ ಊಹಿಸಿದ್ದಂತೆ ಹೊಸ ತಳವು ಶ್ರೇಣಿಯ ನೆತ್ತಿಯಲ್ಲಿ ಹುಟ್ಟಿ ಇಬ್ಬದಿಗೂ ಸರಿಯುವುದಾದರೆ, ಜಮಖಾನದ ಪಟ್ಟೆಗಳಂತೆ ನೇರ–ವಿರುದ್ಧ ಕಾಂತಪಟ್ಟೆಗಳು ಅಲ್ಲಿ ಸಾಲಾಗಿರಬೇಕು.

1963ರಲ್ಲಿ ಈ ವಾದವು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಕೆನಡದ ಲಾರೆನ್ಸ್ ಮಾರ್ಲಿಯವರ ಲೇಖನವನ್ನು ಎರಡು ಪತ್ರಿಕೆಗಳು ತಿರಸ್ಕರಿಸಿದ್ದವು. ವಿದ್ವತ್ಸಭೆಗಳ ನ್ಯಾಯ ಕೆಲವೊಮ್ಮೆ ಹೀಗಿರುತ್ತದೆ. ವೈನ್–ಮ್ಯಾಥ್ಯೂಸರಿಗೂ ಒಡನೆಯೇ ಮನ್ನಣೆ ದೊರೆಯಲಿಲ್ಲ. 1966ರಲ್ಲಿ ದಕ್ಷಿಣ ಶಾಂತಸಾಗರದಿಂದ ‘ಎಲ್ಟಾನಿನ್’ ಹಡಗು ತಂದ ದಾಖಲೆಯಲ್ಲಿ ಎರಡು ಪಕ್ಕದ ಪಟ್ಟೆಗಳೂ ಕನ್ನಡಿಯ ಬಿಂಬದಂತೆ ಹೊಂದಿಕೊಂಡ ಮೇಲೆ ಸಂದೇಹ ಬಹುಮಟ್ಟಿಗೆ ನೀಗಿತು.

ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ತಳವು ವರ್ಷಕ್ಕೆ ಸುಮಾರು 2–3 ಸೆಂಟಿಮೀಟರಿನಂತೆ ಅಗಲವಾಗುತ್ತಿದೆ. ಹಳೆಯ ತಳವು ಸುಮಾತ್ರದ ಪಕ್ಕದಲ್ಲಿರುವಂತಹ ಆಳವಾದ ಕಂದಕಗಳಲ್ಲಿ ಭೂಗರ್ಭಕ್ಕೆ ಇಳಿದುಹೋಗುತ್ತದೆ. ಆದುದರಿಂದಲೇ ಇಂದಿನ ಸಾಗರತಳದ ಬಹುಭಾಗ 20 ಕೋಟಿ ವರ್ಷಗಳಿಗಿಂತ ಈಚಿನದು. ಕರ್ನಾಟಕದ ನೆಲದಲ್ಲಿಯೋ 300 ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಿವೆ.