ಮುಪ್ಪಿನ ಮೈಗೆ ಕೈಯ ಆರೈಕೆ

"ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರೆ ಎಲ್ಲವೂ ಸರಿಹೋಗುತ್ತದೆ" ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಕಾಲು ಉಳುಕಿದರೂ ಎಣ್ಣೆ, ಸೊಂಟ ಹಿಡಿದರೂ ಎಣ್ಣೆ, ಮಂಡಿನೋವಿಗೂ ಎಣ್ಣೆ. ಈ ಮಾತಿನಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ; ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಕಡೆಯ ವರ್ಷದ ಬಿ.ಎ. ವಿದ್ಯಾರ್ಥಿ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು; ಅದನ್ನು ಮುಂದೆ ತಿಳಿಸುತ್ತೇನೆ.

ಮೈ ತಿಕ್ಕುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಆಯುರ್ವೇದದಲ್ಲಿ ಇದಕ್ಕೆ ಅಭ್ಯಂಗವೆಂದು ಹೆಸರು. ಎಣ್ಣೆ ಕಂಡ ಗಾಡಿಯ ಅಚ್ಚು ಬಾಳುವಂತೆ ಅಭ್ಯಂಗದಿಂದ ಮೈಯೂ ಬಾಳುತ್ತದೆಂದು ಚರಕಸಂಹಿತೆ ಹೋಲಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಇದನ್ನು ದಿನಚರಿಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತದೆ. ಆದರೆ ಅಜೀರ್ಣವಾದವರಿಗೆ, ಕಫ ಹೆಚ್ಚಿದವರಿಗೆ ಅಭ್ಯಂಗ ಕೂಡದೆಂದೂ ಅದೇ ಗ್ರಂಥ ಹೇಳುತ್ತದೆ. ಬೇಕೆಂಬ ಭಾಗ ಜನರ ಬಾಯಲ್ಲಿ ಉಳಿಯಿತು. ಬೇಡವೆಂಬ ಭಾಗ ಗ್ರಂಥದಲ್ಲಿಯೇ ಉಳಿಯಿತು.

ಯೂರೋಪಿನಲ್ಲಿ ಇದು ಆಸ್ಪತ್ರೆಯ ವಿದ್ಯೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೧೩ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಕೇಂದ್ರವನ್ನು ಸ್ಥಾಪಿಸಿದನು. ೧೮೯೪ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಸೇರಿ, ಕಲಿತವರು ಮಾತ್ರ ಈ ಕೆಲಸ ಮಾಡಬೇಕೆಂಬ ನಿಯಮದೊಡನೆ ಒಂದು ಸಂಘ ಕಟ್ಟಿದರು. ಅದೇ ಸಂಘವು ೧೯೪೪ರಲ್ಲಿ ಫಿಸಿಯೋಥೆರಪಿಯ ಸಂಘವೆಂದು ಹೆಸರು ಬದಲಿಸಿಕೊಂಡಿತು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಣುವ ಫಿಸಿಯೋಥೆರಪಿಗೆ ಇದೂ ಒಂದು ಮೂಲ.

ಶಾಸ್ತ್ರದಲ್ಲಿ ಹೇಳುವ ಮುಖ್ಯ ವಿಧಾನಗಳು ನಾಲ್ಕು: ಅಂಗೈಯಿಂದ ನೀಳವಾಗಿ ಸವರುವುದು, ಚಪಾತಿ ಹಿಟ್ಟು ನಾದುವಂತೆ ಮಾಂಸಖಂಡವನ್ನು ಹಿಸುಕಿ ಬಿಡುವುದು, ಬೆರಳ ತುದಿಯಿಂದ ಒಂದೇ ಜಾಗದಲ್ಲಿ ಉಜ್ಜುವುದು, ಕೈಯಿಂದ ಲಘುವಾಗಿ ತಟ್ಟುವುದು. ವೃದ್ಧರಿಗೆ ಮೊದಲನೆಯದೇ ಹೆಚ್ಚು ಯೋಗ್ಯ. ಎರಡನೆಯದನ್ನು ಮೆತ್ತಗೆ ಮಾಡಬಹುದು. ಉಳಿದೆರಡು ಕಲಿತವರಿಗೆ ಬಿಟ್ಟದ್ದು. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಮಾಂಸಖಂಡ ಕರಗುತ್ತದೆ. ಆದಕಾರಣ ಪೈಲ್ವಾನರಿಗೆ ಸಲ್ಲುವ ಒತ್ತಡ ಎಪ್ಪತ್ತರ ಅಜ್ಜಿಗೆ ಸಲ್ಲದು.

ಇದರಿಂದ ಪ್ರಯೋಜನವೇನು? ೨೦೦೬ರಲ್ಲಿ ಅಮೆರಿಕದಲ್ಲಿ ಮಂಡಿಸವೆತವಿದ್ದ ೬೮ ಮಂದಿಯ ಮೇಲೆ ನಡೆಸಿದ ಪರೀಕ್ಷೆಯೊಂದು ಪ್ರಕಟವಾಯಿತು. ಎಂಟು ವಾರ ಮರ್ದನ ಪಡೆದವರಲ್ಲಿ ನೋವೂ ಬಿಗಿತವೂ ಕಡಮೆಯಾಗಿ ಓಡಾಟ ಸುಲಭವಾಯಿತೆಂದು ಅದರಲ್ಲಿ ಕಂಡುಬಂದಿತು. ಆದರೆ ಸವೆದ ಕೀಲನ್ನು ಮರ್ದನ ಮತ್ತೆ ಬೆಳೆಸಲಾರದು. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ನಿದ್ರೆ ಬರುತ್ತದೆ. ನೋವು ತಗ್ಗಿದ ಆ ಹೊತ್ತಿನಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆಯಲು ಧೈರ್ಯ ಬರುತ್ತದೆ. ಆ ನಾಲ್ಕು ಹೆಜ್ಜೆಯೇ ನಿಜವಾದ ಔಷಧ. ತಿಕ್ಕಿಸಿಕೊಂಡು ಮಲಗಿಯೇ ಇದ್ದರೆ ಫಲ ಅಲ್ಪ.

ಇನ್ನು ನನ್ನ ಕಾರಣಕ್ಕೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ನಮ್ಮಜ್ಜಿ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಐದನೆಯ ದಿನ ಎಡಗಾಲಿನ ಮೀನಖಂಡ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಮಲಗಿ ಮಲಗಿ ನರ ಹಿಡಿದಿದೆಯೆಂದು ಎಲ್ಲರೂ ಹೇಳಿದರು. ನಾನು ಹರಳೆಣ್ಣೆ ಬಿಸಿಮಾಡಿಕೊಂಡು ಕುಳಿತೆ. "ಬಿಗಿಯಾಗಿ ತಿಕ್ಕು ಮಗಾ, ನಿನ್ನ ಕೈಯಾಗೆ ಬಲವೇ ಇಲ್ಲ" ಎಂದರು ಅಜ್ಜಿ. ನಾನೂ ಬಲ ಬಿಟ್ಟು ತಿಕ್ಕಿದೆ. ಅಷ್ಟರಲ್ಲಿ ವಿಚಾರಿಸಿಕೊಳ್ಳಲು ಬಂದ ಊರಿನ ಆಶಾ ಕಾರ್ಯಕರ್ತೆ ಕಾಲನ್ನು ಕಂಡು ಗಾಬರಿಯಿಂದ, "ಕೈ ತೆಗಿ! ಆಸ್ಪತ್ರೆಯ ಚೀಟಿ ಎಲ್ಲಿ?" ಎಂದರು.

ಚೀಟಿ ನನ್ನ ಕಾಲೇಜು ಚೀಲದಲ್ಲಿಯೇ ಇತ್ತು. ಮೀನಖಂಡ ಊದಿದರೆ ಕೂಡಲೇ ಬರಬೇಕೆಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಮನೆಯಲ್ಲಿ ಆ ಭಾಷೆಯನ್ನು ಓದಬಲ್ಲವರು ನಾನೊಬ್ಬರೇ. ಐದು ದಿನ ನಾನು ಅದನ್ನು ಬಿಡಿಸಿ ನೋಡಿರಲಿಲ್ಲ.

ಅಜ್ಜಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದಾಗ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣವೇ ಹೋಗಬಹುದೆಂದು ವೈದ್ಯರು ತಿಳಿಸಿದರು. ಅದೃಷ್ಟವಶಾತ್ ಹಾಗಾಗಲಿಲ್ಲ, ಔಷಧದಿಂದ ಗುಣವಾಯಿತು. ಅಜ್ಜಿ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಬಳಿಕ ಆಸ್ಪತ್ರೆಯ ಫಿಸಿಯೋಥೆರಪಿಯವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಸಂಗ್ರಹಿಸಿದ್ದೇನೆ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಮುಟ್ಟದೆ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದಾಗ, ಗಾಯ ಅಥವಾ ಚರ್ಮದ ಸೋಂಕು ಇರುವ ಕಡೆ, ಬಿದ್ದು ಮೂಳೆ ಮುರಿದಿರಬಹುದೆಂಬ ಸಂದೇಹವಿದ್ದಾಗ ತಿಕ್ಕಬಾರದು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರಿಗೆ ಒತ್ತಿ ತಿಕ್ಕಿದರೆ ಚರ್ಮದಡಿ ರಕ್ತ ಸೋರುತ್ತದೆ. ಹಾಸಿಗೆ ಹಿಡಿದವರ ಬೆನ್ನು, ಹಿಮ್ಮಡಿ ಕೆಂಪಾದರೆ ಅಲ್ಲಿ ಉಜ್ಜುವುದು ಹಿಂದಿನ ರೂಢಿ. ಅದರಿಂದ ಒಳಗಿನ ಮಾಂಸ ಇನ್ನಷ್ಟು ನೋಯುತ್ತದೆಂದು ಈಗ ತಿಳಿದಿದೆ. ಮಗ್ಗುಲು ಬದಲಿಸಿ ಒತ್ತಡ ತಪ್ಪಿಸುವುದೇ ಸರಿ. ಲಕ್ವ ಹೊಡೆದವರನ್ನು ಆ ಕೈ ಹಿಡಿದು ಎಳೆಯಬಾರದು; ಭುಜದ ಕೀಲು ಸಡಿಲವಾಗಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಎಣ್ಣೆಯ ಬಿಸಿ ತಿಳಿಯದು. ಆದ್ದರಿಂದ ನಮ್ಮ ಮುಂಗೈಗೆ ಮೊದಲು ಹಚ್ಚಿ ನೋಡಬೇಕು.

ಮಾಡುವ ಕ್ರಮ ಸರಳ. ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದಿಟ್ಟು ಕೈ ತೊಳೆಯಬೇಕು. ಎಲ್ಲಿ ನೋವು, ಎಷ್ಟು ಒತ್ತಬಹುದು ಎಂದು ಹಿರಿಯರನ್ನೇ ಕೇಳಬೇಕು. ಕಾಲಾದರೆ ಪಾದದಿಂದ ಮೇಲಕ್ಕೆ, ಕೈಯಾದರೆ ಬೆರಳಿನಿಂದ ಭುಜದ ಕಡೆಗೆ ಸವರಬೇಕು. ಹತ್ತು ಹದಿನೈದು ನಿಮಿಷ ಸಾಕು. ಎಣ್ಣೆ ಯಾವುದಾದರೂ ಸರಿ, ಅದು ಕೈ ಜಾರಲು ಮಾತ್ರ. ಕಡೆಯಲ್ಲಿ ಅಂಗಾಲನ್ನು ಒಣಬಟ್ಟೆಯಿಂದ ಒರೆಸಲೇಬೇಕು. ಎಣ್ಣೆಗಾಲಿನಲ್ಲಿ ಬಚ್ಚಲಿಗೆ ಹೊರಟು ಜಾರಿದರೆ ಮಾಡಿದ ಉಪಕಾರವೇ ಅಪಕಾರವಾಗುತ್ತದೆ.

೨೦೧೧ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಅವರಲ್ಲಿ ಬಹುಮಂದಿಯ ಆರೈಕೆ ಮನೆಯವರ ಕೈಯಲ್ಲಿಯೇ ನಡೆಯತಕ್ಕದ್ದು. ನನ್ನಂತೆ ಮನೆಗೆ ಮೊದಲ ಓದುಗರಾಗಿ ಈ ಕಾಲೇಜಿಗೆ ಬಂದಿರುವ ಮಿತ್ರರು ಅನೇಕರಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ: ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಕಾಲಿಗೆ ಎಣ್ಣೆ ಹಚ್ಚಿರಿ. ಹಚ್ಚುವ ಮುನ್ನ ಅವರ ಆಸ್ಪತ್ರೆಯ ಚೀಟಿಯನ್ನು ತೆಗೆದು, ಅವರಿಗೆ ಅರ್ಥವಾಗುವಂತೆ ಗಟ್ಟಿಯಾಗಿ ಓದಿ ಹೇಳಿರಿ.