ಹಳೆಯ ಆಂಪ್ಲಿಫೈಯರ್‌ನಲ್ಲಿ ಆಗಾಗ ಕರಕರ: ಬಿಚ್ಚುವ ಮೊದಲು ಹುಡುಕಿ

ಹದಿನೈದು, ಇಪ್ಪತ್ತು ವರ್ಷದ ಹಿಂದೆ ಕೊಂಡ ಹೋಮ್ ಥಿಯೇಟರ್ ರಿಸೀವರ್‌ಗಳು ಬೆಂಗಳೂರಿನ ತ್ಯಾಗರಾಜನಗರದ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಬೆಳಿಗ್ಗೆ ಸುಪ್ರಭಾತಕ್ಕೆ, ಸಂಜೆ ಕಛೇರಿಯ ಸಿ.ಡಿ.ಗೆ ಅವೇ ಬೇಕು. ಇಂಥವು ಒಮ್ಮೆಲೇ ಕೆಟ್ಟು ನಿಲ್ಲುವುದು ಅಪರೂಪ. ಒಂದು ದಿನ ಎಡಗಡೆ ಸ್ಪೀಕರ್‌ನಲ್ಲಿ ಚರಚರ, ಇನ್ನೊಂದು ದಿನ ಗುಂಯ್ ಎನ್ನುವ ಹಮ್ಮಿಂಗ್. ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟರೆ ಸದ್ದೇ ಇಲ್ಲ! ಬಂದು ಹೋಗುವ ದೋಷಕ್ಕೆ ಅಂದಾಜಿನಲ್ಲಿ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಅದು ಯಾವಾಗ ಬರುತ್ತದೆ ಎಂಬುದನ್ನು ಹಿಡಿದರೆ, ಎಲ್ಲಿಂದ ಬರುತ್ತದೆ ಎಂಬುದು ಅರ್ಧ ಸಿಕ್ಕಂತೆ.

ಮೊದಲು ಬರೆದಿಡಿ

ಒಂದು ವಾರ ಪೆಟ್ಟಿಗೆಯ ಪಕ್ಕ ಚೀಟಿ ಇಡಿ. ಸದ್ದು ಬಂದ ಸಮಯ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಆಗ ಮನೆಯಲ್ಲಿ ಏನೇನು ಓಡುತ್ತಿತ್ತು, ಇಷ್ಟು ಸಾಕು. ಸಂಜೆ ಮಾತ್ರ ಬರುವ ಗಿರ್ ಸದ್ದಿಗೆ ದೇವರ ಮನೆಯ ಮಿಣುಕು ಸೀರಿಯಲ್ ಸೆಟ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್ ಕಾರಣವಿರಬಹುದು. ಒಂದೊಂದನ್ನೇ ಆರಿಸಿ ನೋಡಿ. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದಾಗಷ್ಟೇ ಸದ್ದು ಬಂದರೆ, ಸ್ಕ್ವೇರ್ ವೇವ್ ಮಾದರಿಯ ಇನ್ವರ್ಟರನ್ನು ಸಂಶಯಿಸಿ. ರಿಸೀವರ್‌ಗೆ ಏನೂ ಆಗಿಲ್ಲದಿರಬಹುದು.

ವಾಲ್ಯೂಮ್ ತಿರುಗಿಸಿ ನೋಡಿ

ಸದ್ದು ಬರುತ್ತಿರುವಾಗಲೇ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದೂ ಇಳಿದರೆ ದೋಷ ವಾಲ್ಯೂಮ್‌ಗಿಂತ ಮುಂಚಿನದು: ಸಿ.ಡಿ. ಪ್ಲೇಯರ್, ಸೆಟ್ ಟಾಪ್ ಬಾಕ್ಸ್, ಕೇಬಲ್ ಅಥವಾ ಇನ್‌ಪುಟ್ ಭಾಗ. ಇಳಿಯದೆ ಹಾಗೇ ಉಳಿದರೆ ಪವರ್ ಸಪ್ಲೈ ಅಥವಾ ಔಟ್‌ಪುಟ್ ಭಾಗದ ಕಡೆ ನೋಡಬೇಕು. ನಾಬ್ ತಿರುಗಿಸುವಾಗ ಮಾತ್ರ ಕರಕರ ಎಂದರೆ, ಹಳೆಯ ಮಾದರಿಗಳಲ್ಲಿ ವಾಲ್ಯೂಮ್ ಕಂಟ್ರೋಲ್ ಒಳಗೆ ಧೂಳು ಕೂತಿದೆ ಎಂದೇ ಲೆಕ್ಕ.

ಎಡ ಬಲ ಅದಲು ಬದಲು

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಪ್ಲಗ್ ಕಿತ್ತು, ಆಂಪ್ಲಿಫೈಯರ್ ಹಿಂದೆ ಎಡ ಮತ್ತು ಬಲ ಸ್ಪೀಕರ್ ವೈರ್‌ಗಳನ್ನು ಬದಲಿಸಿ. ವೈರಿನ ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಕೂಡದು. ತಾಗಿದರೆ ಔಟ್‌ಪುಟ್ ಸುಟ್ಟೀತು. ಆನ್ ಮಾಡಿದಾಗ ಸದ್ದು ಮೊದಲಿನ ಸ್ಪೀಕರ್‌ನಲ್ಲೇ ಇದ್ದರೆ ಸ್ಪೀಕರ್ ಅಥವಾ ಅದರ ವೈರ್ ಕೆಟ್ಟಿದೆ. ಇನ್ನೊಂದಕ್ಕೆ ಹೋದರೆ ದೋಷ ಹಿಂದಿನದು. ಆಗ ಸ್ಪೀಕರ್ ವೈರ್‌ಗಳನ್ನು ಮೊದಲಿನಂತೆ ಹಾಕಿ, ಕೆಂಪು ಮತ್ತು ಬಿಳಿ ಆರ್‌ಸಿಎ ಪಿನ್‌ಗಳನ್ನು ಆಂಪ್ಲಿಫೈಯರ್ ಬದಿಯಲ್ಲಿ ಅದಲು ಬದಲು ಮಾಡಿ. ಈಗ ಸದ್ದು ಬದಿ ಬದಲಿಸಿದರೆ ಪ್ಲೇಯರ್ ಅಥವಾ ಕೇಬಲ್. ಬದಲಿಸದಿದ್ದರೆ ಆಂಪ್ಲಿಫೈಯರ್ ಒಳಗೇ.

ಹಮ್ಮಿಂಗ್ ಬೇರೆ ವಿಚಾರ

ನಮ್ಮ ಕರೆಂಟ್ 230 ವೋಲ್ಟ್, 50 ಹರ್ಟ್ಸ್‌ನದು. ತಗ್ಗಿದ ದನಿಯ ಗುಂಯ್ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ. ಟಿ.ವಿ.ಯ ಹಿಂದಿನ ಕೇಬಲ್ ಅಥವಾ ಡಿಶ್ ವೈರನ್ನು ಕಿತ್ತು ನೋಡಿ. ಸದ್ದು ತಟ್ಟನೆ ನಿಂತರೆ, ಎರಡು ಕಡೆಯಿಂದ ಅರ್ಥ್ ಸೇರಿ ಸುತ್ತು ಹಾಕುತ್ತಿದೆ. ಟಿ.ವಿ.ಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಹಾಕಿದರೆ ಆ ಸುತ್ತು ಅಲ್ಲಿ ಕಡಿಯುತ್ತದೆ. ಅದರಲ್ಲಿ ಹರಿಯುವುದು ಬೆಳಕು. ಹಮ್ ನಿಲ್ಲಿಸಲು ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಅದು ನಿಮ್ಮ ಜೀವಕ್ಕಿರುವ ಕಾವಲು. ಹಳೆಯ ಮನೆಯಾದರೆ ಕಾಂಪೌಂಡಿನ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

ಶುಚಿ ಮತ್ತು ಕಾವು

ಮಳೆಗಾಲದ ತೇವಕ್ಕೆ ಆರ್‌ಸಿಎ ಸಾಕೆಟ್‌ಗಳು ಕಪ್ಪಾಗುತ್ತವೆ. ಪ್ಲಗ್ ಕಿತ್ತು, ಪಿನ್‌ಗಳನ್ನು ಸಾಕೆಟ್‌ನೊಳಗೆ ಕೆಲವು ಬಾರಿ ತಿರುಗಿಸಿ ತೆಗೆಯಿರಿ. ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು.

ಅರ್ಧ ಗಂಟೆ ಕಾದ ಮೇಲಷ್ಟೇ ಸದ್ದು ಬರುವುದಾದರೆ ಬೆಸುಗೆ ಬಿರುಕು ಬಿಟ್ಟಿರಬಹುದು, ಇಲ್ಲವೇ ಕೆಪಾಸಿಟರ್ ಒಣಗಿರಬಹುದು. ಕೆಪಾಸಿಟರ್‌ಗೆ ಕಾವೇ ಶತ್ರು: ಹತ್ತು ಡಿಗ್ರಿ ತಂಪಾಗಿಟ್ಟರೆ ಆಯುಸ್ಸು ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ ಎನ್ನುವುದು ಲೆಕ್ಕಾಚಾರ. ಷೋಕೇಸಿನ ಗಾಜಿನ ಬಾಗಿಲು ತೆರೆದಿಡಿ, ಮೇಲೆ ಒಂದು ಗೇಣು ಜಾಗ ಬಿಡಿ, ಕಸೂತಿ ಬಟ್ಟೆ ಹೊದಿಸಬೇಡಿ. ಒಂದು ಬದಿಯ ದನಿ ಕುಗ್ಗಿ, ವಾಲ್ಯೂಮ್ ಏರಿಸಿದ ಕೂಡಲೇ ಸರಿಹೋಗುತ್ತಿದ್ದರೆ ಆನ್ ಮಾಡಿದಾಗ ಟಿಕ್ ಎನ್ನುವ ಸ್ಪೀಕರ್ ರಿಲೇಯ ಒಳಗಿನ ಸಂಪರ್ಕ ಸವೆದಿರುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ.

ಮುಚ್ಚಳ ಮಾತ್ರ ನೀವು ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಮೆಕ್ಯಾನಿಕ್‌ಗೆ ಪೆಟ್ಟಿಗೆಯ ಜೊತೆ ನಿಮ್ಮ ಚೀಟಿಯನ್ನೂ ಕೊಡಿ. ತೆಗೆದ ಹಳೆಯ ಪಾರ್ಟ್‌ಗಳನ್ನು ಕೇಳಿ ಪಡೆಯಿರಿ. ಕೆಪಾಸಿಟರ್ ಹಾಕಿದ್ದರೆ 85 ಡಿಗ್ರಿಯದೋ 105 ಡಿಗ್ರಿಯದೋ ವಿಚಾರಿಸಿ, 105ರದ್ದೇ ಇರಲಿ. ಸರಿಯಾಯಿತು ಎಂದ ಕೂಡಲೇ ಹೊತ್ತು ತರಬೇಡಿ. ಮುಚ್ಚಳ ಹಾಕಿ ಸ್ಕ್ರೂ ಬಿಗಿದ ಮೇಲೆ ಎರಡು ಗಂಟೆ ಓಡಿಸಲು ಹೇಳಿ. ಒಳಗೆ ಕಾವು ಏರುವುದು ಆಗಲೇ.