ದೀರ್ಘಾಯುಷಿಗಳ ಮನೆತನ ಮತ್ತು ಹೃದಯದ ಆರೋಗ್ಯ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ತೊಂಬತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ‘ನಮ್ಮದು ಗಟ್ಟಿ ವಂಶ’ ಎಂಬ ಮಾತು ಸಹಜವಾಗಿ ಬರುತ್ತದೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದನ್ನೇ ನೆಮ್ಮಿ ಮೊಮ್ಮಕ್ಕಳು ರಕ್ತದೊತ್ತಡವನ್ನು ನೋಡಿಸಿಕೊಳ್ಳದೆ ಉಳಿಯಬಹುದೆ ಎಂಬುದು ವಿಚಾರಾರ್ಹವಾದುದು.

ಅಮೆರಿಕದ ಬಾಸ್ಟನ್ ಪರಿಸರದಲ್ಲಿ 1995ರಲ್ಲಿ ಆರಂಭವಾದ ಶತಾಯುಷಿಗಳ ಅಧ್ಯಯನವು, ನೂರು ತುಂಬಿದವರ ಮಕ್ಕಳಲ್ಲಿ ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹಗಳು ಸಮವಯಸ್ಕರಿಗಿಂತ ಬಹಳ ಕಡಮೆಯೆಂದು ಕಂಡಿತು. ಬಂದರೂ ತಡವಾಗಿ ಬರುತ್ತವೆ. ನ್ಯೂಯಾರ್ಕಿನ ಸಂಶೋಧಕ ನೀರ್ ಬಾರ್ಜಿಲಾಯ್ ಮತ್ತು ಸಂಗಡಿಗರು 2003ರಲ್ಲಿ, ಇಂಥವರ ರಕ್ತದಲ್ಲಿ ಕೊಬ್ಬನ್ನು ಹೊರುವ ಕಣಗಳು ಗಾತ್ರದಲ್ಲಿ ದೊಡ್ಡವೆಂದು ತೋರಿಸಿದರು. 2011ರಲ್ಲಿ ಅದೇ ತಂಡ ಹೇಳಿದ್ದು ಇನ್ನೂ ಸ್ವಾರಸ್ಯಕರ: ಆ ವೃದ್ಧರು ಧೂಮಪಾನ, ಆಹಾರ, ವ್ಯಾಯಾಮಗಳಲ್ಲಿ ತಮ್ಮ ಓರಗೆಯವರಿಗಿಂತ ಮಿಗಿಲಾದ ಶಿಸ್ತಿನವರಾಗಿರಲಿಲ್ಲ! ಅವರನ್ನು ಕಾದದ್ದು ಹುಟ್ಟಿನಿಂದ ಬಂದ ವರ. ಈ ವರವಾದರೋ ಮನೆಯ ಗದ್ದೆ ತೋಟಗಳಂತೆ ಪಾಲಾಗುತ್ತ ಬರುವುದು. ಅಜ್ಜನೊಬ್ಬನಿಂದ ಮೊಮ್ಮಗನಿಗೆ ಇಳಿಯುವ ವಂಶವಾಹಿಗಳು ಸುಮಾರು ಕಾಲುಭಾಗ ಮಾತ್ರ. ರಕ್ಷಿಸುವ ಅಂಶ ಆ ಕಾಲುಭಾಗದಲ್ಲಿ ಇರಬಹುದು, ಇಲ್ಲದಿರಬಹುದು. ಮೇಲಾಗಿ ಒಬ್ಬ ಹಿರಿಯರಿಂದ ವಂಶವೇ ದೀರ್ಘಾಯುವಾಗದು. ನೆದರ್ಲೆಂಡಿನ ಲೈಡನ್ ಅಧ್ಯಯನವು ಒಡಹುಟ್ಟಿದವರಲ್ಲಿ ಕನಿಷ್ಠ ಇಬ್ಬರು, ಗಂಡಸಾದರೆ 89, ಹೆಂಗಸಾದರೆ 91 ವರ್ಷ ಮುಟ್ಟಿದ್ದ ಕುಟುಂಬಗಳನ್ನಷ್ಟೇ ಆರಿಸಿಕೊಂಡಿತು.

ಮಲೆನಾಡಿನಲ್ಲಿ ವಂಶದ ಲೆಕ್ಕ ಇನ್ನಷ್ಟು ತೊಡಕು. ಎಡೇಹಳ್ಳಿಯು 1915ರಲ್ಲಿ ನರಸಿಂಹರಾಜಪುರವೆನಿಸಿದ ಕಾಲದಲ್ಲಿ ಇಲ್ಲಿ ಜನರನ್ನು ಕೊಂಡೊಯ್ಯುತ್ತಿದ್ದುದು ಮಲೇರಿಯಾ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು 1953ರಲ್ಲಿ. ಚಳಿಜ್ವರದಿಂದ ನಲವತ್ತಕ್ಕೆ ತೀರಿಕೊಂಡ ಮುತ್ತಜ್ಜನ ಹೃದಯ ಹೇಗಿತ್ತೆಂದು ಬಲ್ಲವರಾರು? ತೊಂಬತ್ತು ಕಂಡ ಅಜ್ಜನಾದರೋ ದಿನವಿಡೀ ಗುಡ್ಡ ಹತ್ತಿಳಿದು ತೋಟ ಮಾಡಿದವನು. ಮೊಮ್ಮಗನಿಗೆ ಉಳಿದಿರುವುದು ಅಜ್ಜನ ಊಟ ಮಾತ್ರ: ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ, ಹೊಗೆಸೊಪ್ಪು ಬೆರೆತ ಎಲೆಯಡಿಕೆ. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಉಪ್ಪಿನಕಾಯಿಯ ಭರಣಿಯ ಮುಂದೆ ನಿಲ್ಲುವುದು ಕಷ್ಟ.

ಆಯುಸ್ಸು ದೈವ, ಪುರುಷಕಾರ ಎರಡನ್ನೂ ಅವಲಂಬಿಸಿದೆಯೆಂದು ಚರಕಸಂಹಿತೆಯ ವಿಮಾನಸ್ಥಾನ ವಾದಿಸುತ್ತದೆ. ಒಳ್ಳೆಯ ಅಚ್ಚೂ ಅತಿಭಾರದಿಂದ ನಡುದಾರಿಯಲ್ಲಿ ಮುರಿಯುವುದೆಂಬ ಬಂಡಿಯ ಉಪಮಾನ ಅಲ್ಲಿಯದೇ. 2004ರಲ್ಲಿ ಪ್ರಕಟವಾದ, 52 ದೇಶಗಳನ್ನೊಳಗೊಂಡ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇಕಡ 90 ಭಾಗವನ್ನು ತಂಬಾಕು, ಕೊಬ್ಬು, ರಕ್ತದೊತ್ತಡ, ಮಧುಮೇಹ, ಬೊಜ್ಜು ಮೊದಲಾದ ಒಂಬತ್ತು ಕಾರಣಗಳಿಗೆ ಸೇರಿಸಿತು. ದಕ್ಷಿಣ ಏಷ್ಯಾದವರಿಗೆ ಈ ಆಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುವುದನ್ನೂ ಅದು ಗುರುತಿಸಿತು.

ಆದ್ದರಿಂದಲೇ ವೈದ್ಯರು ಮನೆತನದ ವಿಷಯ ಕೇಳುವಾಗ ಅಜ್ಜನ ತೊಂಬತ್ತೈದನ್ನು ಮೊದಲು ಕೇಳುವುದಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮುನ್ನ, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮುನ್ನ ಹೃದ್ರೋಗ ಬಂದಿತ್ತೆ ಎಂದು ಕೇಳುತ್ತಾರೆ.